ಎಕ್ಸ್ ಅಕ್ಷರದ ಪದಗಳು

ಖಟಕ ಚಿಂಚೋಳಿ,
ಗುರುವಾರ

ಮುಕ್ತಾ ಟೀಚರ್ ಅವರಿಗೆ ಶರಣು.

ಎಕ್ಸ್ ಅಕ್ಷರವಿರುವ ಇಂಗ್ಲಿಷ್ ಪದಗಳನ್ನು ಅರ್ಥ ಹೇಳಿ ಓದಿ, ದಿನಾ ಸಂಜೆ ತರಗತಿಯ ವಾಟ್ಸಾಪ್ ಗುಂಪಿಗೆ ದನಿ ಕಳಿಸುವುದರಲ್ಲಿ ನಮ್ಮ ಶಿವಲೀಲಾ ಎಲ್ಲರಿಗಿಂತ ಮುಂದು ಎಂದು ಹೊಗಳಿದ್ದೀರಿ. ದನಿಯ ಹಿಂದೆ ಗಲಗಲ ಸಪ್ಪಳ ಬರುತ್ತದೆ, ಮನೆಯೊಳಗೆ ಕೂಡಿಸಿ ಓದಿಸಿ ಎಂದೂ ಬರೆದಿದ್ದೀರಿ.

ಅದು ಒಣಗಿದ ತೊಗರಿಕಾಯಿಯ ಸಪ್ಪಳ. ನೀವು ದೀಪಾವಳಿಯ ನಂತರ ಬಂದವರು, ನಿಮಗೆ ಯಾರೂ ಹೇಳಿಲ್ಲ. ಶ್ರಾವಣದಲ್ಲಿ ಜ್ವರ ಬಂದು ತೀರಿಹೋದ ಶಿವಲೀಲಾಳನ್ನು ಆ ತೊಗರಿ ಹೊಲದಲ್ಲೇ ಮಣ್ಣು ಮಾಡಿದ್ದೇವೆ.

ನಿನ್ನೆ ಸಂಜೆ ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದೆ. ಆದರೂ ನಮ್ಮ ನಂಬರಿನಿಂದ ಗುಂಪಿಗೆ ದನಿ ಹೋಗಿತ್ತು: "ಆಕ್ಸ್ ಅಂದ್ರ ಎತ್ತು, ಬಾಕ್ಸ್ ಅಂದ್ರ ಪೆಟ್ಟಿಗಿ ರೀ ಟೀಚರ್." ಅವಳದೇ ದನಿ. ಅವಳಿದ್ದಾಗ ಈ ಪಾಠ ಶುರುವೇ ಆಗಿರಲಿಲ್ಲ.

ಮೊಬೈಲಿನಲ್ಲಿ ಬರೆದರೆ ಅವಳಿಗೆ ತಿಳಿದೀತೆಂದು ಈ ಚೀಟಿ. ಸಪ್ಪಳದ ಚಿಂತೆ ಬೇಡ, ಮುಂದಿನ ವಾರ ತೊಗರಿ ಕೊಯ್ಯುತ್ತೇವೆ. ನಮ್ಮ ನಂಬರನ್ನು ಮಾತ್ರ ಗುಂಪಿನಿಂದ ತೆಗೆಯಬೇಡಿರಿ.

ಎಕ್ಸ್ ಪದಗಳು ಶನಿವಾರಕ್ಕೆ ಮುಗಿಯುತ್ತವಂತೆ. ಸೋಮವಾರವೇ ಬೇರೆ ಅಕ್ಷರ ಹಿಡಿಯಿರಿ, ಟೀಚರ್. ಭಾನುವಾರ ಒಂದು ದಿನ ನಾನು ಹೇಗೋ ಕಳೆಯುತ್ತೇನೆ.

ಶಿವಲೀಲಾಳ ತಾಯಿ,
ಬಸವೇಶ್ವರಿ