ಕರಡಿ ಕಾವಲಿಗೆ ಮೂರು ತೋಟಾ

ತಾತಾ, ಕೊಡಿಯಾಕ್ ದ್ವೀಪದಿಂದ ನಿನ್ನ ಲೋರ್ನಾ. ಹೊಳೆಯಲ್ಲಿ ಸಾಲ್ಮನ್ ಮೀನು ಎಣಿಸುವ ಎಂಟು ಜನರಿಗೆ ಕರಡಿ ಕಾವಲಿಗೆ ಒಬ್ಬರು ಬೇಕಿತ್ತು. ನಾನೂ ವೇಡ್ ಎಂಬಾತನೂ ಪರೀಕ್ಷೆಗೆ ನಿಂತೆವು. ಶಿಬಿರದ ಯಜಮಾನ ಸಿಮಿಯನ್, ರಟ್ಟಿನ ಕರಡಿಯನ್ನು ನೆಲದ ಮೇಲೆ ಜಾರುವ ಬಂಡಿಗೆ ಕಟ್ಟಿ ನಮ್ಮೆದುರು ದೂರದಲ್ಲಿ ನಿಲ್ಲಿಸಿ, ತಾನು ನಮ್ಮ ಬೆನ್ನ ಹಿಂದೆ ಹಗ್ಗ ಹಿಡಿದು ಓಡುತ್ತಾ ಅದನ್ನು ನಮ್ಮತ್ತ ಎಳೆಯುತ್ತಾನೆ. ಅದು ಕಾಲಬುಡಕ್ಕೆ ಬರುವುದರೊಳಗೆ ಮೂರು ಗುಂಡು ತಗುಲಿಸಬೇಕು.

ವೇಡ್ ತನ್ನ ತೋಟಾಗಳಿಗೆ ಮಿತಿ ಮೀರಿ ಮದ್ದು ತುಂಬಿದ್ದ. ನನ್ನ ತೋಟಾಗಳಲ್ಲಿ ಮದ್ದು ಕಡಿಮೆಯೆಂದು ಕೇಳಿ, "ಏನಮ್ಮಾ, ಮೊಲ ಹೊಡಿಯೋಕ್ ಬಂದ್ಯಾ?" ಅಂದ. ಅವನ ಮೊದಲ ಗುಂಡಿಗೆ ಗುಡ್ಡವೇ ಗುಡುಗಿತು. ಆದರೆ ಉಬ್ಬಿದ ಖಾಲಿ ತೋಟಾ ಕೋವಿಯೊಳಗೇ ಕಚ್ಚಿಕೊಂಡಿತು. ಎಳೆದ, ಗುದ್ದಿದ, ಅಷ್ಟರಲ್ಲಿ ರಟ್ಟಿನ ಕರಡಿ ಬಂದು ಅವನನ್ನು ಕೆಡವಿಯೇ ಬಿಟ್ಟಿತು. "ಕರಡಿ ಊಟ ಆಯ್ತು, ಮುಂದಿನೋರು ಬನ್ರಪ್ಪಾ!" ಎಂದು ಸಿಮಿಯನ್ ಕೂಗಿದ.

ನನ್ನದು ನೀನು ಕಲಿಸಿದ ಲೆಕ್ಕ: ಭಾರದ ಗುಂಡು, ಕೋವಿ ತಾಳುವಷ್ಟೇ ಮದ್ದು. ಖಾಲಿ ತೋಟಾ ಸಲೀಸಾಗಿ ಹೊರಬರುತ್ತದೆಯೇ ಎಂದು ಊರಲ್ಲೇ ಹೊಡೆದು ನೋಡಿಕೊಂಡು ಬಂದಿದ್ದೆ. ಮೂರೂ ತಗುಲಿದವು ತಾತಾ, ಮೂರನೆಯದು ಐದು ಮಾರು ದೂರದಲ್ಲಿ!

"ಯಾರು ತುಂಬಿದ್ದು ಇವನ್ನ?" ಎಂದು ಸಿಮಿಯನ್ ಕೇಳಿದ.

"ನಾನೇ. ಕಲಿಸಿದ್ದು ನಮ್ಮ ತಾತ."

"ಅವರನ್ನೂ ಕರ್ಕೊಂಡ್ ಬರ್ಬಾರ್ದಿತ್ತಾ?"

ಕೋವಿಯ ಒದೆತಕ್ಕೆ ಬಲಭುಜ ನೀಲಿಗಟ್ಟಿದೆ, ಬೇರೇನೂ ತೊಂದರೆಯಿಲ್ಲ. ಟಪಾಲಿನ ವಿಮಾನ ಹೊರಡುತ್ತಿದೆ. ಈಗ ದಿನಾ ಬೆಳಿಗ್ಗೆ ಹೊಳೆಗೆ ಇಳಿಯುವ ಮೊದಲು ಎಲ್ಲರೂ ಹಿಂತಿರುಗಿ, ನಾನು ಎಲ್ಲಿ ನಿಂತಿದ್ದೇನೆಂದು ನೋಡಿಕೊಳ್ಳುತ್ತಾರೆ. ವೇಡ್ ಕೂಡ ಈಗ ಮೀನು ಎಣಿಸುತ್ತಾನೆ. ಅವನು ಎರಡು ಸಲ ನೋಡುತ್ತಾನೆ.

ಲೋರ್ನಾ