ಕೆಂಚಪ್ಪ ಕುರ್ಚಿ ಬಿಟ್ಟೇಳಲಿಲ್ಲ

ಆರ್.ಕೆ.ಪುರಂ, ಹೊಸದಿಲ್ಲಿ
11 ಫೆಬ್ರವರಿ 2007

ಪ್ರೀತಿಯ ಲೀಲಾವತಿ,

ನಿನ್ನ ಮೂರು ಪತ್ರಗಳೂ ಬಂದಿವೆ. ಒಂದಕ್ಕೂ ಉತ್ತರ ಬರೆಯದ ನನ್ನನ್ನು ಮನಸಾರೆ ಬೈದುಕೋ, ಆದರೆ ಬರೆಯುವುದನ್ನು ನಿಲ್ಲಿಸಬೇಡ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ನೀವಿದ್ದ ಪಕ್ಕದ ಕ್ವಾರ್ಟರ್ಸಿಗೆ ಒರಿಸ್ಸಾದವರು ಬಂದಿದ್ದಾರೆ. ಮೈಸೂರು ನಿನಗೆ ಒಗ್ಗಿತೇ?

ಕನ್ನಡ ಸಂಘದ ಸಂಚಿಕೆಗೆ ನಾನೊಂದು ಲೇಖನ ಬರೆಯಬೇಕಂತೆ, ಕುರ್ಚಿ ಕೆಂಚಪ್ಪ ಇಂದಿಗೂ ಜನರಿಗೆ ಯಾಕೆ ಅಚ್ಚುಮೆಚ್ಚು ಎಂದು. "ನಿಮಗಿಂತ ಚೆನ್ನಾಗಿ ಯಾರಿಗಮ್ಮ ಗೊತ್ತು?" ಅಂದರು ಕಾರ್ಯದರ್ಶಿ ಬಸವರಾಜ. ಇಪ್ಪತ್ತು ವರ್ಷ, ಪ್ರತಿ ರಾಜ್ಯೋತ್ಸವಕ್ಕೂ, ಆ ಹಳೆಯ ಸಿನಿಮಾದ ಕೆಂಚಪ್ಪನಾಗಿ ವೇದಿಕೆ ಹತ್ತಿದವರ ಹೆಂಡತಿಯಲ್ಲವೇ ನಾನು. ಮನೆ ಸೋರಲಿ, ಕಳ್ಳ ಬರಲಿ, ಈಸಿಚೇರ್ ಬಿಟ್ಟೇಳದ ಆಸಾಮಿ. ಸಭೆಯೆಲ್ಲ "ಕೆಂಚಪ್ಪಾ, ಏಳೋ" ಎಂದು ಕೂಗಬೇಕು, ಇವರು "ಏಳೋದಕ್ಕೇನು ಅವಸರ?" ಅನ್ನಬೇಕು, ಮೂರನೆಯ ಕೂಗಿಗೆ ಎದ್ದು ಕೈಮುಗಿಯಬೇಕು. ನೀನೂ ಮುಂದಿನ ಸಾಲಿನಲ್ಲಿ ಕೂತು ಗಂಟಲು ಹರಿದುಕೊಂಡವಳೇ.

ನಮ್ಮ ಗಗನ್ ಚಿಕ್ಕವನಿದ್ದಾಗ ಕೇಳಿದ್ದ: "ಪಪ್ಪಾ, ಇವನು ಕುಛ್ ಕರ್ತಾ ಹೀ ನಹೀ, ಏನೂ ಮಾಡಲ್ಲ, ಆದ್ರೂ ಎಲ್ಲರಿಗೂ ಯಾಕಿಷ್ಟ?" ಇವರು ನಕ್ಕು, "ದಿಲ್ಲಿಯಲ್ಲಿ ದಿನವಿಡೀ ಓಡಿದವನಿಗೆ ಕೂತವನೇ ದೇವರು ಕಣೋ" ಅಂದಿದ್ದರು. ನಿಜವೇ. ಬಸ್ಸಿಗೆ ಓಡಿ, ಫೈಲು ಹೊತ್ತು ಓಡಿ, ಸಾಹೇಬರ ಮುಂದೆ ನಿಂತೇ ಸವೆಯುವ ನಮ್ಮ ಜನಕ್ಕೆ, ಯಾರು ಕೂಗಿದರೂ ಏಳದವನೊಬ್ಬನನ್ನು ನೋಡುವುದೇ ಸುಖ. ಬರೆಯಬೇಕಾದ್ದು ಇಷ್ಟೇ. ಆದರೆ ಪೆನ್ನು ಹಿಡಿದರೆ ಕೈ ಬರುತ್ತಿಲ್ಲ.

ನವೆಂಬರಿನಲ್ಲಿ ನಡೆದದ್ದನ್ನು ಗಗನ್ ಫೋನಿನಲ್ಲಿ ನಿನಗೆ ಅರ್ಧವಷ್ಟೇ ಹೇಳಿದ್ದಾನೆ. ಮೂರನೆಯ ಕೂಗಿಗೆ ಇವರು ಏಳಲಿಲ್ಲ. ಈ ವರ್ಷ ಹೊಸ ತಮಾಷೆ ಎಂದುಕೊಂಡು ಜನ ನಾಲ್ಕನೆಯ ಸಲ ಕೂಗಿದರು, ಐದನೆಯ ಸಲವೂ ಕೂಗಿದರು. ಇವರ ಬಾಯಿ ಸೊಟ್ಟಗಾದಾಗ ಚಪ್ಪಾಳೆ ಜೋರಾಯಿತು. ಪಾರ್ಶ್ವವಾಯು ಎಂದು ತಿಳಿದು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ಈಗ ಬೆಳಗಾದರೆ ಕಿಟಕಿಯ ಬಳಿ ಕೂರಿಸುತ್ತೇನೆ. ಮಾತಿಲ್ಲ. ಮೊದಮೊದಲು ಸಂಘದವರು ಬಂದು, "ಏಳಿ ಕೆಂಚಪ್ಪನವರೇ" ಎಂದು ನಗಿಸಲು ನೋಡಿದರು. ಒಂದು ದಿನ ಇವರು ಅತ್ತುಬಿಟ್ಟರು. ಆಮೇಲೆ ಯಾರೂ ಬರುತ್ತಿಲ್ಲ. ಗಗನ್ ನೋಯ್ಡಾದ ಆಫೀಸಿನಿಂದ ಬಂದು ಕಾಲು ಒತ್ತುತ್ತ, "ಸುಧಾರಿಸುತ್ತೆ ಅಮ್ಮಾ" ಅನ್ನುತ್ತಾನೆ. ನನಗೆ ಆ ನಂಬಿಕೆ ಹೋಗಿದೆ, ಲೀಲಾ. ನಿನ್ನ ಹತ್ತಿರ ಸುಳ್ಳೇಕೆ?

ನಿನ್ನ ಮಗಳು ಲಾವಣ್ಯಾಳ ಮದುವೆ ಗೊತ್ತಾಯಿತೆಂದು ತಿಳಿದು ಸಂತೋಷವಾಯಿತು. ನಮಗೆ ಬರಲಾಗದು. ಗಂಡ ಹೆಂಡತಿ ನಗುನಗುತ್ತ ಬಾಳಲಿ.

ನಿನ್ನ
ದೇವಕಿ

ತಾ.ಕ.: ಆ ದಿನದ ಸಿ.ಡಿ. ಕೇಳಿದ್ದೀಯ. ಕಳುಹಿಸಲಾರೆ. ಅದರಲ್ಲಿ ಐದನೆಯ ಕೂಗಾದ ಮೇಲೆ ಇವರು ನನ್ನ ಕಡೆ ತಿರುಗಿ, ತೊದಲುತ್ತ, "ದೇವಕೀ, ಏಳಕ್ಕಾಗ್ತಿಲ್ಲ ಕಣೇ" ಅನ್ನುತ್ತಾರೆ. ಅದು ಸಿನಿಮಾದಲ್ಲಿಲ್ಲದ ಮಾತು, ನನಗೆ ಗೊತ್ತಿತ್ತು. ಆದರೂ ಕೂತಲ್ಲಿಂದಲೇ ಕೆಂಚಪ್ಪನ ಹೆಂಡತಿಯ ಮಾತನ್ನು ಕೂಗಿದೆ: "ಏಳ್ಬೇಡಿ, ಕಾಫಿ ಅಲ್ಲಿಗೇ ತರ್ತೀನಿ." ಸಭೆ ಬಿದ್ದು ಬಿದ್ದು ನಕ್ಕಿತು. ಇವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಒಂದು ಮಾತೂ ಆಡಿಲ್ಲ.