ಮಂಗಳವಾರ ಮೂರು ಗಂಟೆಗೆ ಬಂದ ಬ್ರಾಡ್‌ಬ್ಯಾಂಡ್

ಬ್ರಾಡ್‌ಬ್ಯಾಂಡ್ ಕಂಪನಿಯ ಮೈಸೂರು ವಲಯದ ವ್ಯವಸ್ಥಾಪಕರಿಗೆ,

ಮಾನ್ಯರೇ, ತಮ್ಮ ಕಂಪ್ಯೂಟರಿನ ಪ್ರಕಾರ ನಾನು ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ನಿರಾಕರಿಸಿದ ಮಹಾನುಭಾವ! ಅರ್ಜಿ ತುಂಬಿದವನು ನಾನು, ಫೋಟೋ ಅಂಟಿಸಿದವನು ನಾನು, ಹದಿನೇಳು ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾದವನೂ ನಾನೇ. ಬೇಡವೆಂದವನು ಯಾರು ಸ್ವಾಮಿ?

ಸಂತೆಪೇಟೆಯಲ್ಲಿ ಮೂವತ್ತು ವರ್ಷ ಬೆಲ್ಲದ ಮಂಡಿ ನಡೆಸಿದವನು ನಾನು. ಅಚ್ಚು ಮುರಿದು ಒಂದು ಚೂರು ಬಾಯಿಗೆ ಹಾಕಿ ನೋಡದೆ ಸರಕು ಇಳಿಸಿಕೊಂಡವನಲ್ಲ. ಇಂಟರ್ನೆಟ್ಟನ್ನು ಬಾಯಿಗೆ ಹಾಕಿಕೊಳ್ಳುವುದು ಹೇಗೆ? ಅದಕ್ಕೇ ಯಾವ ಕಂಪನಿ ಯಾರ ಮನೆಯಲ್ಲಿದೆಯೆಂದು ವಿಚಾರಿಸಿ, ನಮ್ಮ ಲಕ್ಷ್ಮೀಪುರಂನ ಮೂರು ಮನೆಗಳಿಗೆ ಹೋಗಿ ಕೂತೆ. ಮೊದಲನೆಯ ಮನೆಯಲ್ಲಿ ಮದುವೆ ಫೋಟೋ ತೆರೆದರು. ಮದುಮಗನ ಪೇಟ ಕಂಡಿತು. ಮೂಗು ಕಾಣುವಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು. ಎರಡನೆಯವರ ತಂತಿ ತಾರಸಿಯಿಂದ ತಾರಸಿಗೆ ಹಾದು ಬಂದಿತ್ತು, ಅದರ ಮೇಲೆ ಯಾರೋ ಪಂಚೆ ಒಣಹಾಕಿದ್ದರು. ಮೂರನೆಯದು ರಾಬರ್ಟ್ ಅವರ ಮನೆ, ತಮ್ಮ ಕಂಪನಿ. ಫೋಟೋ ಪಟ್ಟಂತ ಬಂತು. "ಕಣ್ಮುಚ್ಕೊಂಡು ತಗೊಳ್ಳಿ ಕಣ್ರೀ" ಎಂದರು. ತಗೊಂಡೆ.

ಆತುರವೇಕೆಂದರೆ, ನನ್ನ ಸೊಸೆ ಶಿಲ್ಪಶ್ರೀ ಹೆಬ್ಬಾಳದ ಆಫೀಸಿನಲ್ಲಿ ಅಮೆರಿಕದ ಡಾಕ್ಟರುಗಳ ಮಾತು ಕೇಳಿಸಿಕೊಂಡು ಟೈಪು ಮಾಡುವವಳು. ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಒಂದನೇ ತಾರೀಖಿನೊಳಗೆ ಬ್ರಾಡ್‌ಬ್ಯಾಂಡ್ ಬಂದರೆ ಮನೆಯಲ್ಲೇ ಕೂತು ಮಾಡಬಹುದಂತೆ. ಇಲ್ಲದಿದ್ದರೆ ಕೂಸನ್ನು ಬಿಟ್ಟು ಶಿಫ್ಟಿಗೆ ಹೋಗಬೇಕು, ಅಥವಾ ಕೆಲಸ ಬಿಡಬೇಕು.

ಕಳೆದ ಮಂಗಳವಾರ ಸರಿಯಾಗಿ ಮೂರು ಗಂಟೆಗೆ ತಮ್ಮ ಸಿಬ್ಬಂದಿಯೊಬ್ಬರು ಮೋಡೆಮ್ ಹಿಡಿದು ಬಂದರು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲವೆಂಬುದು ಮೈಸೂರಿನಲ್ಲಿ ವ್ಯವಹಾರ ಮಾಡುವ ತಮಗೆ ತಿಳಿದಿರಬೇಡವೇ?

"ಒಸಿ ಕೂತ್ಕೊಳಪ್ಪ, ನಾಲ್ಕೂವರೆ ಆಗ್ಲಿ" ಎಂದೆ.

"ಇನ್ನೂ ಐದು ಮನೆ ಅವೆ ಸಾರ್."

"ಹೊಸ ಕನೆಕ್ಷನ್ನು ಕಣಪ್ಪ, ಕೆಟ್ಟ ಗಳಿಗೇಲಿ ಯಾಕೆ?"

ಬೆಳಗಿನ ಉಪ್ಪಿಟ್ಟನ್ನು ನಾನೇ ಬಿಸಿ ಮಾಡಿ ಕೊಟ್ಟೆ. ತಿಂದರು. ಕಾಫಿ ಕುಡಿದರು. "ಇಲ್ಲೊಂದು ಸೈನ್ ಹಾಕ್ಬುಡಿ ಸಾರ್, ಆಮೇಲೆ ಬತ್ತೀನಿ" ಎಂದರು. ಬಾಯಿಗೆ ಹಾಕಿ ನೋಡದೆ ಬೆಲ್ಲ ಕೊಳ್ಳದ ನಾನು ಓದದೆ ಸಹಿ ಹಾಕಿಬಿಟ್ಟೆ. ಅವರು ಬರಲಿಲ್ಲ. ಮರುದಿನ ಫೋನು ಮಾಡಿದರೆ, "ಗ್ರಾಹಕರು ನಿರಾಕರಿಸಿದ್ದಾರೆ, ಹೊಸ ಅರ್ಜಿ ಕೊಡಿ, ಮೂರು ವಾರ ಆಗುತ್ತೆ" ಎಂದು ಒಂದು ಹೆಣ್ಣುದನಿ ಬಹಳ ವಿನಯದಿಂದ ಹೇಳಿತು. ಒಂದೂವರೆ ಗಂಟೆ ತಾಳಿ ಎಂದವನೂ ಸಾಯುವತನಕ ಬೇಡ ಎಂದವನೂ ತಮ್ಮ ನಮೂನೆಯಲ್ಲಿ ಒಂದೇ ಏನು?

ಒಂದನೇ ತಾರೀಖಿಗೆ ಇನ್ನು ಒಂಬತ್ತು ದಿನವಿದೆ. ಹಳೆಯ ಅರ್ಜಿಯ ಮೇಲೆಯೇ ಸಂಪರ್ಕ ಕೊಡಿ. ರಾಹುಕಾಲವೋ ಯಮಗಂಡವೋ, ಯಾವಾಗ ಬಂದರೂ ನಾನು ಬಾಯಿ ಬಿಡುವುದಿಲ್ಲ.

ಇನ್ನೊಂದು ಮಾತು. ಮಂಗಳವಾರ ತಮ್ಮವರು ಬಂದ ಹೊತ್ತಿನಲ್ಲಿ ಸೊಸೆ ಕೂಸಿಗೆ ಲಸಿಕೆ ಹಾಕಿಸಲು ಹೋಗಿದ್ದಳು. ಯಾರೂ ಬರಲೇ ಇಲ್ಲ ಎಂದು ನಾನು ಹೇಳಿಬಿಟ್ಟೆ. ಅಂದಿನಿಂದ ಅವಳು ತಮ್ಮ ಕಂಪನಿಗೆ ಹಿಡಿಶಾಪ ಹಾಕುತ್ತಿದ್ದಾಳೆ, ಪಕ್ಕದಲ್ಲಿ ಕೂತು ನಾನೂ ದನಿಗೂಡಿಸುತ್ತಿದ್ದೇನೆ. ಎದುರು ನಿಂತು ನಿಜ ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಶಿಲ್ಪಾ, ತಪ್ಪಾಯ್ತು ಕಣಮ್ಮ.

ಇಂತಿ,
ಈ ಪತ್ರ ಅಚ್ಚಾದ ಬೆಳಗ್ಗೆ ಮನೆಯಲ್ಲಿರದೆ ದೂರದ ವಾಕಿಂಗಿಗೆ ಹೋಗಲಿರುವ
ಕರಿಬಸವಯ್ಯ, ಲಕ್ಷ್ಮೀಪುರಂ